ಪ್ಲೇಸ್ಟೇಷನ್ 1: ಹಾಟ್ ಪರ್ಸೂಟ್ ಕಪ್ಪು-ಬಿಳುಪಾಗಿ ಬರುತ್ತಿದೆ, ಪೊಲೀಸ್ ಲೈಟಿನ ಬಣ್ಣವೇ ಇಲ್ಲ. ಸಹಾಯ ಮಾಡಿ

ಗುಮ್ಮಟ_ರೇಸರ್ (ವಿಜಯಪುರ)
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ನೀಡ್ ಫಾರ್ ಸ್ಪೀಡ್ 3: ಹಾಟ್ ಪರ್ಸೂಟ್ ಹಾಕಿದರೆ ಇಡೀ ಗೇಮ್ ಕಪ್ಪು-ಬಿಳುಪು. ಸೈರನ್ ಸರಿಯಾಗಿ ಕೇಳುತ್ತೆ, ಎಲ್ಲೂ ಹ್ಯಾಂಗ್ ಆಗಲ್ಲ. ಆದರೆ ಬೆನ್ನು ಹತ್ತಿದ ಪೊಲೀಸ್ ಕಾರಿನ ಕೆಂಪು-ನೀಲಿ ಲೈಟು ಬರೀ ಬೂದಿ ಬಣ್ಣದಲ್ಲಿ ಮಿಣಮಿಣ ಅನ್ನುತ್ತೆ. ಆ ಲೈಟಿಗೋಸ್ಕರವೇ ನಾನು ಈ ಗೇಮ್ ಆಡೋದು. ರಿಪೇರಿ ಅಂಗಡಿಗೆ ಒಯ್ದೆ. ಬೋರ್ಡ್ ಹೋಗಿದೆ ಅಂದರು. ನಂಬೋಕೆ ಮನಸ್ಸು ಬರ್ತಿಲ್ಲ. 1998ರ ಗೇಮು, ಹೈಸ್ಕೂಲಿನಲ್ಲಿದ್ದಾಗ ಅಣ್ಣನ ಜೊತೆ ಒಂದೇ ಟಿವಿಯಲ್ಲಿ ಅರ್ಧರ್ಧ ಸ್ಕ್ರೀನ್ ಹಂಚಿಕೊಂಡು ಆಡಿದ್ದು. ದಾರಿ ಹೇಳಿ.

ಕ್ಯಾಂಪ್_ಕನ್ಸೋಲ್ (ಬೆಳಗಾವಿ)
ಹಳದಿ ಪಿನ್. ಕಣ್ಣು ಮುಚ್ಚಿ ಹೇಳ್ತೀನಿ. ಈಗಿನ ಎಲ್‌ಇಡಿ ಟಿವಿಗಳಲ್ಲಿ ಹಳದಿಗೂ ಹಸಿರಿಗೂ ಒಂದೇ ತೂತು ಇರುತ್ತೆ. ಟಿವಿ ಅದನ್ನ ಕಾಂಪೊನೆಂಟ್ (ಬೆಳಕು, ಬಣ್ಣ ಮೂರು ಬೇರೆ ವೈರಿನಲ್ಲಿ ಬರೋದು) ಅಂದುಕೊಂಡರೆ ಬಣ್ಣ ಹೋಗುತ್ತೆ.

ಗುಮ್ಮಟ_ರೇಸರ್
ಬೇರೆ ವೈರ್ ಹಚ್ಚಿದೆ, ಇನ್‌ಪುಟ್ ಕೂಡ ಎವಿ ಮಾಡಿದೆ. ಅದೇ ಕಥೆ.

ಕ್ಯಾಂಪ್_ಕನ್ಸೋಲ್
ಅಗ್ಗದ ವೈರ್ ಇರಬೇಕು. ಇಲ್ಲಾ ಹಿಂದಿನ ಸಾಕೆಟ್ ಸಡಿಲ ಆಗಿದೆ. ಸ್ಪಿರಿಟ್ ಹಚ್ಚಿ ಒರೆಸಿ ನೋಡಿ. ನನ್ನದೂ ಹಾಗೇ ಆಗಿತ್ತು.

ಜಮಖಂಡಿ_ಜಾಯ್‌ಸ್ಟಿಕ್
ಲೆನ್ಸ್ ಬದಲಿಸಿ. ಹಳೇ ಮಷೀನಿಗೆ ಮೊದಲು ಹೋಗೋದೇ ಲೆನ್ಸ್.

ಕ್ಯಾಂಪ್_ಕನ್ಸೋಲ್
ಲೆನ್ಸಿಗೂ ಬಣ್ಣಕ್ಕೂ ಏನು ಸಂಬಂಧ ತಮ್ಮಾ? ಲೆನ್ಸ್ ಹೋದರೆ ಗೇಮ್ ಲೋಡೇ ಆಗಲ್ಲ, ಇಲ್ಲಾ ವಿಡಿಯೋ ತಡವರಿಸುತ್ತೆ. ಸುಮ್ನೆ ಖರ್ಚು ಮಾಡಿಸಬೇಡ.

ನವನಗರ_ಬೆಸುಗೆ (ಬಾಗಲಕೋಟೆ)
ರೇಸರ್ ಅವರೇ, ಮೂರು ವಿಷಯ ನೀವು ಹೇಳಿಲ್ಲ. ಮಷೀನಿನ ತಳದಲ್ಲಿರೋ ಮಾಡೆಲ್ ನಂಬರ್ ಯಾವುದು? ಡಿಸ್ಕ್ ಮೇಲೆ ಎಸ್‌ಎಲ್‌ಇಎಸ್ (ಯುರೋಪಿನದು) ಅಂತ ಇದೆಯಾ, ಎಸ್‌ಎಲ್‌ಯುಎಸ್ (ಅಮೆರಿಕದ್ದು) ಅಂತಾನಾ? ಸ್ವಿಚ್ ಹಾಕಿದ ತಕ್ಷಣ ಬಿಳಿ ಸ್ಕ್ರೀನಿನಲ್ಲಿ ಬರೋ ಲೋಗೋ ಬಣ್ಣದಲ್ಲಿ ಬರುತ್ತಾ?

ಗುಮ್ಮಟ_ರೇಸರ್
ಎಸ್‌ಸಿಪಿಎಚ್-7502, ಬೇರೆ ದೇಶದ ಡಿಸ್ಕೂ ಓಡಲಿ ಅಂತ ಚಿಪ್ ಹಾಕಿಸಿದ್ದು. ಲೋಗೋ ಕಿತ್ತಳೆ ಬಣ್ಣದಲ್ಲೇ ಬರುತ್ತೆ. ಆಮೇಲೆ ಟಿವಿ ಒಂದು ಕ್ಷಣ ಕಪ್ಪಾಗಿ, ಗೇಮ್ ಶುರುವಾದಾಗ ಬಣ್ಣ ಇರಲ್ಲ. ಡಿಸ್ಕ್ ಎಸ್‌ಎಲ್‌ಯುಎಸ್. ನನ್ನ ಹಳೇದು ಗೀರು ಬಿದ್ದು ಹೋಗಿತ್ತು, ಇದನ್ನ ಸೋದರಮಾವನ ಮಗ ಅಮೆರಿಕದಿಂದ ತಂದುಕೊಟ್ಟ. ಬೇರೆ ಡಿಸ್ಕ್‌ಗಳೆಲ್ಲ ಬಣ್ಣದಲ್ಲೇ ಬರುತ್ತವೆ. ಇದು ಹೇಳೋದು ಬೇಕಿಲ್ಲ ಅಂದುಕೊಂಡಿದ್ದೆ.

ನವನಗರ_ಬೆಸುಗೆ
ಬೇಕಿದ್ದದ್ದೇ ಅದು! ನಿಮ್ಮ ಬೋರ್ಡ್ ಚೆನ್ನಾಗಿದೆ, ಬಿಚ್ಚಬೇಡಿ. ವೈರ್ ತಪ್ಪಿದ್ದರೆ ಲೋಗೋಗೂ ಬಣ್ಣ ಬರ್ತಿರಲಿಲ್ಲ.

7502 ಪಾಲ್ ಮಷೀನು, ಅಂದರೆ ನಮ್ಮ ಕಡೆಯ ಟಿವಿ ಪದ್ಧತಿಯದು. ಒಳಗಿನ ವಿಡಿಯೋ ಗಡಿಯಾರ 53.20 ಮೆಗಾಹರ್ಟ್ಜ್. ಪಾಲ್ ಡಿಸ್ಕ್ ಹಾಕಿದಾಗ ಅದನ್ನ 12ರಿಂದ ಭಾಗಿಸಿ 4.43 ಮೆಗಾಹರ್ಟ್ಜ್ ಬಣ್ಣದ ಸಿಗ್ನಲ್ ಮಾಡುತ್ತೆ. ಅಮೆರಿಕದ ಡಿಸ್ಕ್ ಹಾಕಿದಾಗ 60 ಹರ್ಟ್ಜ್‌ಗೆ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗೋದು) ಹೋಗಿ 15ರಿಂದ ಭಾಗಿಸುತ್ತೆ. ಆಗ ಬರೋದು 3.547. ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿಗೆ ಬೇಕಾದದ್ದು 3.58. ಆ ಚೂರು ವ್ಯತ್ಯಾಸಕ್ಕೇ ಟಿವಿ ಬಣ್ಣ ಹಿಡಿಯಲ್ಲ. ಬೆಳಕು-ನೆರಳು ಮಾತ್ರ ತೋರಿಸುತ್ತೆ.

ಜಮಖಂಡಿ_ಜಾಯ್‌ಸ್ಟಿಕ್
ಹಾಗಾದರೆ ಎಸ್-ವಿಡಿಯೋ ಕೇಬಲ್ ಹಾಕಿದರೆ ಸರಿಹೋಗುತ್ತಾ ಅಣ್ಣಾ?

ನವನಗರ_ಬೆಸುಗೆ
ಇಲ್ಲ. ಅದರಲ್ಲೂ ಬಣ್ಣ ಅದೇ ಸಿಗ್ನಲ್ ಮೇಲೆ ಬರುತ್ತೆ. ಆರ್‌ಜಿಬಿ ಬೇಕು, ಅಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ತಂತಿಯಲ್ಲಿ ಬರುತ್ತವೆ. ಪಿಎಸ್1ರ ಸಾಕೆಟ್‌ನಲ್ಲೇ ಆರ್‌ಜಿಬಿ ಇದೆ. ಸ್ಕಾರ್ಟ್ (ಯುರೋಪಿನ ಟಿವಿಗಳ ಅಗಲವಾದ ಪ್ಲಗ್ಗು) ಕೇಬಲ್ ಮತ್ತು ಸ್ಕಾರ್ಟ್‌ನಿಂದ ಎಚ್‌ಡಿಎಂಐ ಮಾಡೋ ಡಬ್ಬಿ ತರಿಸಿ. ಎರಡೂ ಆರ್‌ಜಿಬಿ ಅಂತ ಖಚಿತ ಮಾಡಿಕೊಳ್ಳಿ. ಸ್ಕಾರ್ಟ್ ಆಕಾರ ಇದ್ದು ಒಳಗೆ ಬರೀ ಕಾಂಪೋಸಿಟ್ (ಹಳದಿ ಪಿನ್ನಿನ ಸಿಗ್ನಲ್) ಇರೋ ಕೇಬಲ್ ಸುಮಾರು ಸಿಗುತ್ತವೆ.

ಕ್ಯಾಂಪ್_ಕನ್ಸೋಲ್
ಅಷ್ಟೆಲ್ಲ ಯಾಕೆ? ಪಾಲ್ ಡಿಸ್ಕ್ ತಗೊಂಡರೆ ಮುಗೀತು. ಆ ಡಬ್ಬಿಗಳಲ್ಲಿ ಬಟನ್ ಒತ್ತಿದ ಮೇಲೆ ಗಾಡಿ ತಿರುಗೋದು ತಡ ಆಗುತ್ತೆ. ಪೊಲೀಸರು ರಸ್ತೆಗೆ ಮುಳ್ಳಿನ ಪಟ್ಟಿ ಹಾಸಿದಾಗ ಆ ಒಂದು ಚೂರು ತಡವೇ ಟೈರು ತೆಗೆಯುತ್ತೆ.

ನವನಗರ_ಬೆಸುಗೆ
ಪಾಲ್ ಡಿಸ್ಕ್ ಸಿಕ್ಕರೆ ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಅದು 50 ಹರ್ಟ್ಜ್. 60ರಲ್ಲಿ ಆಡಿದ ಕೈಗೆ ಗೊತ್ತಾಗುತ್ತೆ. ಮಾವನ ಮಗ ತಂದ ಡಿಸ್ಕ್ ಇರುವಾಗ ಅದನ್ನೇ ಆಡಿಸೋಣ ಅಲ್ವಾ?

ಕ್ಯಾಂಪ್_ಕನ್ಸೋಲ್
ನಾನು 50ರಲ್ಲೇ ಇಪ್ಪತ್ತು ವರ್ಷ ಆಡಿದ್ದೀನಿ. ಶಹಾಪುರದ ಗುಜರಿಯಿಂದ ತಂದ 21 ಇಂಚಿನ ಹಳೇ ಟ್ಯೂಬ್ ಟಿವಿ, ಪಕ್ಕದಲ್ಲಿ ಎರಡು ಮರದ ಸ್ಪೀಕರ್. ಸೈರನ್ ಬಂದರೆ ಮನೆಯ ಕಿಟಕಿ ಗಾಜು ಅದುರುತ್ತೆ. ಫೋಟೋ ಸಂಜೆ ಹಾಕ್ತೀನಿ.

ಜಮಖಂಡಿ_ಜಾಯ್‌ಸ್ಟಿಕ್
ನನ್ನದು 29 ಇಂಚು. ಇಬ್ಬರು ಸೇರಿ ಎತ್ತಿ ಇಟ್ಟಿದ್ದು.

ಗುಮ್ಮಟ_ರೇಸರ್ (ಹನ್ನೆರಡು ದಿನದ ನಂತರ)
ಕೇಬಲ್ ಬಂತು. ಹೋಮ್‌ಟೌನ್ ಟ್ರ್ಯಾಕ್ ಹಾಕಿದೆ. ಮೊದಲು ಮರಗಳ ಎಲೆ ಕಂಡವು, ಅರಿಶಿನ, ಕೆಂಪು. ಸೈರನ್ ಕೇಳಿ ಹಿಂದಿನ ನೋಟಕ್ಕೆ ಬದಲಿಸಿದೆ. ಕಾರಿನ ನೆತ್ತಿ ಮೇಲೆ ಕೆಂಪು, ನೀಲಿ, ಕೆಂಪು, ನೀಲಿ. ಅಣ್ಣ ಧಾರವಾಡದಲ್ಲಿದ್ದಾನೆ, ಆಗಲೇ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಬೆಸುಗೆ ಅಣ್ಣಾ, ನಿಮ್ಮ ಉಪಕಾರ ಮರೆಯಲ್ಲ.

ಗಾಡಿ ತಿರುಗೋದು ತಡ ಅನ್ನಿಸಲಿಲ್ಲ. ಒಂದೇ ತೊಂದರೆ, ಚಿತ್ರ ಅಗಲಕ್ಕೆ ಎಳೆದ ಹಾಗಿದೆ, ಕಾರುಗಳು ಚಪ್ಪಟೆ.

ನವನಗರ_ಬೆಸುಗೆ
ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ 16:9 ತೆಗೆದು 4:3 ಮಾಡಿ. ಎರಡು ಪಕ್ಕ ಕಪ್ಪು ಪಟ್ಟಿ ಬರುತ್ತೆ, ಅದು ಸರಿಯಾದದ್ದೇ.

ಕ್ಯಾಂಪ್_ಕನ್ಸೋಲ್
ಬಣ್ಣ ಬಂದದ್ದು ಖುಷಿಯಾಯ್ತು. ಮುಂದೆ ಇದನ್ನ ಓದೋರು ಹಳದಿ ಪಿನ್ನೂ ಒಂದು ಸಲ ನೋಡಿಕೊಳ್ಳಿ, ಲೋಗೋ ಕೂಡ ಕಪ್ಪು-ಬಿಳುಪಾಗಿದ್ದರೆ ಅದೇ. ಜಮಖಂಡಿ ತಮ್ಮಾ, ಆ 29 ಇಂಚಿನ ಟಿವಿ ಮಾರ್ತೀಯಾ?