ಪೆಪ್ಟೈಡ್ ಸರಪಳಿಯನ್ನು ರಾಳದ ಮಣಿಗೆ ಕಟ್ಟುವುದೇಕೆ?

ಪ್ರಶ್ನೆ:
ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳು ಒಂದಕ್ಕೊಂದು ಬೆಸೆದ ಸರಪಳಿ. ಒಂಬತ್ತು ಅಮೈನೋ ಆಮ್ಲಗಳ ಆಕ್ಸಿಟೋಸಿನ್ ಹಾರ್ಮೋನನ್ನು ರಸಾಯನಶಾಸ್ತ್ರಜ್ಞ ಡು ವಿನ್ಯೋ ಅವರು 1953ರಲ್ಲಿ ದ್ರಾವಣದಲ್ಲಿಯೇ ಸಂಶ್ಲೇಷಿಸಿದ್ದರು. ಹಾಗಿದ್ದರೂ 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಅವರು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ರಾಳದ ಮಣಿಗಳ ಮೇಲೆ ಪೆಪ್ಟೈಡ್ ಕಟ್ಟಿದ್ದಕ್ಕೆ ಇಷ್ಟು ಮಹತ್ವ ಏಕೆ?

ಉತ್ತರ 1:
ದ್ರಾವಣದಲ್ಲಿ ಕಟ್ಟುವಾಗ ಬಂಧ ಬೆಸೆಯುವುದಕ್ಕಿಂತ ಪ್ರತಿ ಹಂತದ ನಂತರದ ಶುದ್ಧೀಕರಣವೇ ಹೆಚ್ಚು ಕಾಲ ತಿನ್ನುತ್ತಿತ್ತು. ಮೊದಲ ಅಮೈನೋ ಆಮ್ಲದ ಕಾರ್ಬಾಕ್ಸಿಲ್ (ಆಮ್ಲೀಯ) ತುದಿಯನ್ನು ಮಣಿಗೆ ಬಿಗಿದರೆ, ಬೆಳೆಯುವ ಸರಪಳಿ ಕರಗದೆ ಉಳಿಯುತ್ತದೆ. ಆದ್ದರಿಂದ ರಾಸಾಯನಿಕಗಳನ್ನು ಧಾರಾಳವಾಗಿ ಸುರಿದು, ಉಳಿದದ್ದನ್ನು ಸೋಸಿ ತೊಳೆದರೆ ಸಾಕು. ಮುಂದಿನ ಘಟಕದ ಇನ್ನೊಂದು ತುದಿಯಾದ ಅಮೈನ್ ಗುಂಪಿಗೆ ತಾತ್ಕಾಲಿಕ ರಕ್ಷಣೆ ಇರುವುದರಿಂದ ಒಂದು ಸುತ್ತಿಗೆ ಒಂದೇ ಘಟಕ ಸೇರುತ್ತದೆ. ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಅಮೈನೋ ತುದಿಯಿಂದ ಆರಂಭಿಸಿದರೆ ಇಲ್ಲಿ ದಿಕ್ಕು ತಿರುವುಮುರುವು ಎಂಬುದು ನನಗೆ ಸದಾ ಸೋಜಿಗದ ಸಂಗತಿ. ಈ ವಿಧಾನಕ್ಕಾಗಿ ಮೆರಿಫೀಲ್ಡ್ ಅವರಿಗೆ 1984ರ ನೊಬೆಲ್ ಸಂದಿತು.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ, ಆದರೆ ದೋಷವನ್ನೂ ಹೇಳಬೇಕು. ಹಂತವೊಂದು ವಿಫಲವಾದರೆ ಆ ಅಪೂರ್ಣ ಸರಪಳಿಯೂ ಮಣಿಯಲ್ಲೇ ಅಂಟಿಕೊಂಡಿರುತ್ತದೆ, ಅದನ್ನು ತೊಳೆದು ತೆಗೆಯಲಾಗದು. ಪ್ರತಿ ಹಂತ ಶೇ. 99ರಷ್ಟು ಯಶಸ್ವಿಯಾದರೂ 50 ಹಂತಗಳ ಬಳಿಕ ಸರಿಯಾದ ಸರಪಳಿ ಸುಮಾರು ಶೇ. 60 ಮಾತ್ರ, 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಎ ಕಿಣ್ವದಷ್ಟು ಉದ್ದವಾದರೆ ಅದು ಶೇ. 29ಕ್ಕೆ ಇಳಿಯುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ದೊಡ್ಡ ಪ್ರೋಟೀನುಗಳಿಗೆ ದಾರಿ ಏನು?

ಉತ್ತರ 2:
ತುಂಡುಗಳನ್ನು ಬೇರೆಬೇರೆಯಾಗಿ ಮಾಡಿ, ಶುದ್ಧಗೊಳಿಸಿ, ನಂತರ ಜೋಡಿಸುವುದು. 1994ರಲ್ಲಿ ಸ್ಟೀಫನ್ ಕೆಂಟ್ ಅವರ ತಂಡ ಪ್ರಕಟಿಸಿದ ವಿಧಾನದಲ್ಲಿ, ಒಂದು ತುಂಡಿನ ಥಯೋಎಸ್ಟರ್ (ಗಂಧಕವಿರುವ, ಸುಲಭವಾಗಿ ವರ್ತಿಸುವ ಗುಂಪು) ತುದಿಯು ಇನ್ನೊಂದರ ಆರಂಭದ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಜೊತೆ ನೀರಿನಲ್ಲಿಯೇ, ಯಾವ ರಕ್ಷಣಾ ಗುಂಪೂ ಇಲ್ಲದೆ, ಸಹಜ ಪೆಪ್ಟೈಡ್ ಬಂಧವಾಗಿ ಬೆಸೆದುಕೊಳ್ಳುತ್ತದೆ.