ಒಂದೇ ರಾತ್ರಿಯಲ್ಲಿ ಡಿಸ್ಕ್ ತುಂಬಿಸಿದ ಕರ್ನಲ್ ಲಾಗ್

ಪ್ರಶ್ನೆ (ಉಡುಪಿ): ನಮಸ್ಕಾರ ಸರ್. ಮಣಿಪಾಲದ ಸಮೀಪದ ಹಾಸ್ಟೆಲ್ ಒಂದರ ವೈಫೈ ಜಾಲವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಅದರ ಗೇಟ್‌ವೇ, ಅಂದರೆ ಜಾಲವನ್ನು ಇಂಟರ್ನೆಟ್ಟಿಗೆ ಜೋಡಿಸುವ ದಾರಿ, ಲಿನಕ್ಸ್ ಯಂತ್ರ. ರಜೆ ಮುಗಿಸಿ ವಿದ್ಯಾರ್ಥಿಗಳು ಮರಳಿದ ದಿನ, ಬೆಳಗಾಗುವುದರೊಳಗೆ ಕರ್ನಲ್ ಲಾಗ್ (ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವ ದಾಖಲೆ) 4 ಜಿಬಿ ದಾಟಿ ಡಿಸ್ಕ್ ಭರ್ತಿಯಾಯಿತು. ತೆರೆದು ನೋಡಿದರೆ ‘ನೇಬರ್ ಟೇಬಲ್ ಓವರ್‌ಫ್ಲೋ’ ಎಂಬ ಒಂದೇ ಸಾಲು ಉದ್ದಕ್ಕೂ ಇದೆ. ಈ ಸಂದೇಶವನ್ನು ನಿಲ್ಲಿಸುವುದು ಹೇಗೆ?

ಉತ್ತರ (ಮಂಗಳೂರು): ದಯವಿಟ್ಟು ಅದನ್ನು ಈಗಲೇ ನಿಲ್ಲಿಸಬೇಡಿ, ಮೊದಲು ಒಂದು ಲೆಕ್ಕ ನೋಡೋಣ. ನೆಟ್‌ವರ್ಕ್ ಸಂದೇಶಗಳಿಗೆ ಕರ್ನಲ್ ತಾನೇ ಮಿತಿ ಹಾಕಿಕೊಂಡಿರುತ್ತದೆ: ‘ಮೆಸೇಜ್ ಕಾಸ್ಟ್’ 5 ಸೆಕೆಂಡು, ‘ಮೆಸೇಜ್ ಬರ್ಸ್ಟ್’ 10, ಅಂದರೆ ಪ್ರತಿ ಐದು ಸೆಕೆಂಡಿಗೆ ಹೆಚ್ಚೆಂದರೆ ಹತ್ತು ಸಾಲು. ದಿನವಿಡೀ ಬರೆದರೂ ಅದು 1,72,800 ಸಾಲು. ಸಾಲಿಗೆ ನೂರು ಅಕ್ಷರವೆಂದರೂ 17 ಎಂಬಿಯ ಆಸುಪಾಸು. ಒಂದೇ ರಾತ್ರಿಯಲ್ಲಿ 4 ಜಿಬಿ ಆಗಿದೆ ಎಂದರೆ ಆ ಮಿತಿಯನ್ನು ಯಾರೋ ತೆಗೆದಿರಬೇಕು. ಮೆಸೇಜ್ ಕಾಸ್ಟ್ ಸೊನ್ನೆಯಾಗಿದೆಯೇ (ಹಾಗಿದ್ದರೆ ಮಿತಿಯೇ ಇರುವುದಿಲ್ಲ) ಎಂದು ಕರ್ನಲ್‌ನ ಸೆಟ್ಟಿಂಗ್‌ಗಳನ್ನು ತೋರಿಸುವ ಸಿಸ್‌ಸಿಟಿಎಲ್‌ನಲ್ಲಿ ನೋಡಿ.

ಆದರೆ ಮಿತಿಯನ್ನು ಮರಳಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಜಾಲದಲ್ಲಿರುವ ಪ್ರತಿ ಫೋನು, ಲ್ಯಾಪ್‌ಟಾಪಿನ ಐಪಿ ಮತ್ತು ಮ್ಯಾಕ್ (ಯಂತ್ರಾಂಶದ) ವಿಳಾಸದ ಜೋಡಿಯನ್ನು ಇಡುವ ಪಟ್ಟಿಯೇ ನೇಬರ್ ಟೇಬಲ್. ಅದಕ್ಕೆ ರೂಢಿಯ ಗರಿಷ್ಠ ಮಿತಿ 1024 ನಮೂದುಗಳು, ಮತ್ತು ಉತ್ತರವೇ ಬಾರದ ವಿಳಾಸಗಳೂ ಅದರಲ್ಲಿ ಜಾಗ ಹಿಡಿಯುತ್ತವೆ. ಪಟ್ಟಿ ತುಂಬಿದರೆ ಹೊಸ ಸಾಧನಕ್ಕೆ ಜಾಗ ಸಿಗದು: ವೈಫೈ ಚಿಹ್ನೆ ಪೂರ್ತಿ ಕಾಣುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಹಿಂದೊಮ್ಮೆ ನಾನು ಇಂಥದ್ದೇ ಸಂದೇಶವನ್ನು ಲಾಗ್‌ನಿಂದ ಸೋಸಿ ತೆಗೆದು, ಎರಡು ದಿನ ಜನರ ದೂರಿಗೆ ಕಾರಣ ಸಿಗದೆ ಪರದಾಡಿದ್ದೇನೆ, ನಿಮಗೆ ಹಾಗಾಗಬಾರದು.

ಪ್ರಶ್ನೆ: ಸರ್, ನಿಮ್ಮ ಊಹೆ ನಿಜ. ಮೊದಲಿದ್ದವರು ದೋಷ ಹುಡುಕುವಾಗ ಸೊನ್ನೆ ಇಟ್ಟು ಹಾಗೆಯೇ ಬಿಟ್ಟಿದ್ದಾರೆ. ಸಂಜೆ ಏಳರ ನಂತರ ಮೇಲಿನ ಮಹಡಿಯ ಮಕ್ಕಳಿಗೆ ನೀವು ಹೇಳಿದಂತೆಯೇ ಆಗುತ್ತಿದೆ. ಏನು ಮಾಡಲಿ?

ಉತ್ತರ: ಹಳೆಯ ನಮೂದುಗಳನ್ನು ಯಾವಾಗ ತೆರವು ಮಾಡಬೇಕೆಂದು ಹೇಳುವ, ಪಟ್ಟಿಯ ಮೂರು ‘ಜಿಸಿ ಥ್ರೆಶ್’ ಮಿತಿಗಳು ರೂಢಿಯಲ್ಲಿ 128, 512, 1024 ಇರುತ್ತವೆ, ಅವನ್ನು 1024, 2048, 4096ಕ್ಕೆ ಏರಿಸಿ. ಕಾಸ್ಟನ್ನು 5ಕ್ಕೆ ತನ್ನಿ. ಎಲ್ಲವನ್ನೂ ಸಿಸ್‌ಸಿಟಿಎಲ್ ಕಡತದಲ್ಲಿ ಬರೆದಿಡಿ, ಇಲ್ಲದಿದ್ದರೆ ಕರೆಂಟು ಹೋಗಿ ಬಂದ ಕೂಡಲೇ ಹಳೆಯ ಸ್ಥಿತಿಗೇ ಮರಳುತ್ತದೆ. ಬರ್ಸ್ಟ್ ಸಂಖ್ಯೆಯನ್ನು ಹತ್ತಕ್ಕಿಂತ ಇಳಿಸಲು ಹೋಗಬೇಡಿ. ಈ ಮಿತಿಯನ್ನು ಅನೇಕ ನೆಟ್‌ವರ್ಕ್ ಸಂದೇಶಗಳು ಹಂಚಿಕೊಳ್ಳುವುದರಿಂದ ಒಂದರ ಗದ್ದಲದಲ್ಲಿ ಬೇಕಾದ ಇನ್ನೊಂದು ಎಚ್ಚರಿಕೆ ಮುಚ್ಚಿಹೋಗಬಹುದು. ಸಾಧ್ಯವಾದಾಗ ಮಹಡಿಗೊಂದು ವಿಎಲ್ಎಎನ್ (ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲ) ಮಾಡಿ.

ತುಂಬಿದ ಲಾಗ್ ಕಡತವನ್ನು ಅಳಿಸಬೇಡಿ. ಲಾಗ್ ಬರೆಯುವ ಸೇವೆಯಾದ ಆರ್‌ಸಿಸ್‌ಲಾಗ್ ಅದನ್ನು ತೆರೆದಿಟ್ಟುಕೊಂಡಿರುವವರೆಗೆ ಜಾಗ ಮರಳಿ ಬರುವುದಿಲ್ಲ. ಟ್ರಂಕೇಟ್ ಆಜ್ಞೆಯಿಂದ ಖಾಲಿ ಮಾಡಿ.