ನಾಸ್ಕಾರ್ ಕಷ್ಟವೋ, ಫಾರ್ಮುಲಾ ಒನ್ ಕಷ್ಟವೋ?

ಶಿವಮೊಗ್ಗದಿಂದ ಪ್ರಶ್ನೆ: ಅಮೆರಿಕದ ನಾಸ್ಕಾರ್ ಕಾರ್ ರೇಸ್‌ನಲ್ಲಿ ಬರೀ ಎಡಕ್ಕೆ ತಿರುಗಿಸ್ತಾರೆ, ಅದೇನು ಮಹಾ ಅಂತಾನೆ ನನ್ನ ತಮ್ಮ. ಆಗುಂಬೆ ಘಾಟಿ ಇಳಿಯೋ ನಮಗೆ ಫಾರ್ಮುಲಾ ಒನ್ನೇ ಸರಿಯಂತೆ. ಹೌದಾ?

ತೀರ್ಥಹಳ್ಳಿಯವ: ಹಾಗನ್ಬೇಡಿ ಮಾರಾಯ್ರೆ! ನಾಸ್ಕಾರ್ ನಡೆಯೋ ಡೇಟೋನಾ ಟ್ರ್ಯಾಕಿನ ತಿರುವು 31 ಡಿಗ್ರಿ ವಾಲಿದೆ. ಸುಮಾರು ಒಂದೂವರೆ ಟನ್ನಿನ ಕಾರು. ಮುಂದಿನವನಿಗೆ ಅಂಟಿಕೊಂಡೇ ಓಡಿಸ್ಬೇಕು, ಗಾಳಿಯ ತಡೆ ತಗ್ಗಿ ಇಬ್ಬರಿಗೂ ವೇಗ ಸಿಗುತ್ತೆ. ಹಾಗೇ 500 ಮೈಲಿ! ಕಾರಿಗೆ ಕಾರು ಉಜ್ಜಿದ್ರೂ ಓಟ ನಡೆಯುತ್ತೆ. ಫಾರ್ಮುಲಾ ಒನ್‌ನಂಥ ತೆರೆದ ಚಕ್ರದ ಕಾರಲ್ಲಿ ಚಕ್ರಕ್ಕೆ ಚಕ್ರ ಹತ್ತಿದ್ರೆ ಕಾರೇ ಮೇಲಕ್ಕೆ ಹಾರಬಹುದು.

ಸಾಗರದವಳು: ಮಳೆ ಬಿಟ್ರಲ್ಲ. ನಾಸ್ಕಾರ್‌ನ ದೊಡ್ಡ ಓವಲ್‌ನಲ್ಲಿ, ಅಂದ್ರೆ ಮೊಟ್ಟೆಯಾಕಾರದ ಟ್ರ್ಯಾಕಲ್ಲಿ, ಮಳೆ ಬಂದ್ರೆ ಓಟ ನಿಲ್ಲುತ್ತೆ. ಫಾರ್ಮುಲಾ ಒನ್‌ಗೆ ಮಳೆ ಟೈರೇ ಇದೆ. ಮಲೆನಾಡಿನವಳಾಗಿ ನನ್ನ ಓಟು ಅದಕ್ಕೇ.

ತೀರ್ಥಹಳ್ಳಿಯವ: ಒಪ್ಪಿದೆ ಅಕ್ಕ. ಆದ್ರೆ ಮಾರಿಯೋ ಆಂಡ್ರೆಟಿ 1967ರಲ್ಲಿ ನಾಸ್ಕಾರ್‌ನ ಡೇಟೋನಾ 500 ಓಟ ಗೆದ್ರು, 1978ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ್ರು. ನನ್ನ ಪಾಲಿಗೆ ಅವರೇ ದೊಡ್ಡವರು.